ಎಣಿಸದೆ ನಡೆದ ದಾರಿ

ನಮ್ಮೂರಿನಲ್ಲಿ ಫೋನಿನಲ್ಲಿ ಮಾತಾಡುತ್ತಿರುವಾಗ ಯಾರಾದರೂ ತೀರಿಕೊಂಡರೆ ಮಾತು ನಿಲ್ಲುವುದಿಲ್ಲ. ಫೋನ್ ಇಡುವವರೆಗೂ ಆ ಕಡೆಯವರು ಮಾತಾಡುತ್ತಲೇ ಇರುತ್ತಾರೆ. ಹಾಗಾಗಿ ಅಂಥ ಫೋನನ್ನು ಯಾರೂ ಇಡುವುದಿಲ್ಲ. ನಮಗೆ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರ ಹೆಂಡತಿ ಅವರ ಅಂಗಿಯ ಜೇಬಿನಲ್ಲಿದ್ದರು. ಮೇಷ್ಟ್ರು ಕೋಲೆತ್ತಿದರೆ, "ಬೆಳಿಗ್ಗೆ ತಿಂಡಿ ತಿಂದಿದ್ದಾಳೋ ಇಲ್ವೋ ಕೇಳಿ ಮೊದ್ಲು" ಎನ್ನುತ್ತಿದ್ದರು. ಮೇಷ್ಟ್ರು ಕೋಲು ಕೆಳಗಿಟ್ಟು, "ತಿಂದ್ಯೇನೆ?" ಎಂದು ಕೇಳುತ್ತಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆಯಲ್ಲಿ ಮೊದಲು ವಿಚಾರಿಸುವುದು ನಡೆಯುತ್ತಿರುವ ಫೋನು ಎಷ್ಟಿವೆ ಎಂದು. ಎರಡಕ್ಕಿಂತ ಹೆಚ್ಚಿದ್ದರೆ ಸೊಸೆಗೆ ಕೆಲಸ ಜಾಸ್ತಿ. ಒಂದೊಂದನ್ನೂ ಹೊತ್ತುಹೊತ್ತಿಗೆ ಚಾರ್ಜಿಗೆ ಹಾಕಬೇಕು, ಮಾತಾಡಿಸಬೇಕು, ಮಕ್ಕಳು ಗುಂಡಿ ಒತ್ತದ ಹಾಗೆ ನೋಡಿಕೊಳ್ಳಬೇಕು. ಎಲ್ಲಿದ್ದೀರಿ ಎಂದು ಮಾತ್ರ ತೀರಿಕೊಂಡವರನ್ನು ಯಾರೂ ಕೇಳುವುದಿಲ್ಲ.

ನಮ್ಮವು ವೈಫೈ ಹ್ಯಾಂಡ್‌ಸೆಟ್ಟುಗಳು. ಬೀದಿಬೀದಿಯ ಗೋಡೆಗಳ ಮೇಲೆ ಹಸಿರು ದೀಪದ ಬಿಳಿ ಡಬ್ಬಿಗಳಿವೆ. ಹ್ಯಾಂಡ್‌ಸೆಟ್ಟು ಒಂದು ಡಬ್ಬಿಯನ್ನು ಹಿಡಿದುಕೊಂಡಿರುತ್ತದೆ. ನಡೆಯುತ್ತಾ ದೂರ ಹೋದರೆ ಅದನ್ನು ಬಿಟ್ಟು ಮುಂದಿನದನ್ನು ಹಿಡಿಯಬೇಕು. ಬಿಡುವುದಕ್ಕೂ ಹಿಡಿಯುವುದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಹೆಚ್ಚಾದರೂ ಮಾತು ಕಡಿದುಹೋಗುತ್ತದೆ. ಬರೀ ಸಂತೆಯ ಮಾತಾದರೆ ಮತ್ತೆ ನಂಬರು ಒತ್ತಬಹುದು. ತೀರಿಕೊಂಡವರ ಮಾತು ಕಡಿದರೆ ಒತ್ತುವುದಕ್ಕೆ ನಂಬರೇ ಇರುವುದಿಲ್ಲ.

ನನ್ನ ಕೆಲಸ ನಡೆಯುವುದು. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ನನಗೆ ಗಂಟಲು ಕಟ್ಟುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಮೂರು ದಿನ ಸುಮ್ಮನೆ ನಿಂತಿದ್ದು ನಾಲ್ಕನೇ ದಿನ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಮನೆಯಲ್ಲಿ ಕೂತು ಕಿಟಕಿಯಿಂದ ಬೀದಿ ನೋಡುತ್ತಿದ್ದವಳನ್ನು ಡಬ್ಬಿಗಳ ಚೌಡಪ್ಪ ಮೇಸ್ತ್ರಿ ಕೆಲಸಕ್ಕೆ ಕರೆದ. "ಮಾತು ಬರ್ದಿದ್ರೆ ಬೇಡ ಕಣವ್ವ, ಎಣಿಸೋಕೆ ಬರುತ್ತಲ್ಲ?" ಎಂದ. ಎಣಿಸಲು ಬರುತ್ತಿತ್ತು. ನಾನು ಕೈಯಲ್ಲಿ ಹ್ಯಾಂಡ್‌ಸೆಟ್ಟು ಹಿಡಿದು, ಒಂದೊಂದು ಹೆಜ್ಜೆಗೆ ಒಂದೊಂದು ಸಂಖ್ಯೆ ಹೇಳುತ್ತಾ ಬೀದಿ ನಡೆಯಬೇಕು. ಮೇಸ್ತ್ರಿ ಆಫೀಸಿನಲ್ಲಿ ಇನ್ನೊಂದನ್ನು ಕಿವಿಗಿಟ್ಟುಕೊಂಡು, ಯಾವ ಸಂಖ್ಯೆ ತನಗೆ ಕೇಳಿಸಲಿಲ್ಲವೋ ಅದನ್ನು ಊರಿನ ನಕಾಶೆಯಲ್ಲಿ ಗುರುತು ಹಾಕಬೇಕು. ಅಲ್ಲಿಗೆ ಹೊಸ ಡಬ್ಬಿ ಬೇಕು ಅಥವಾ ಹಳೆಯದರ ದನಿ ಜೋರು ಮಾಡಬೇಕು ಎಂದು ಲೆಕ್ಕ. ಎಂಟು ವರ್ಷ ನಡೆದಿದ್ದೇನೆ. ನನ್ನ ಹೆಸರು ಸಿಂಗಾರಿ, ಆದರೆ ಬೀದಿಗಳವರು ನನ್ನನ್ನು ಕರೆಯುವುದು 'ಒಂದೆರಡು' ಎಂದು.

ಹಗ್ಗದವರ ಬೀದಿಯ ಮನೆಗಳನ್ನು ಒಡೆದು ರಸ್ತೆ ಅಗಲ ಮಾಡುವುದೆಂದು ತೀರ್ಮಾನವಾದಾಗ ಎಲ್ಲರೂ ಪಾತ್ರೆಪಗಡ ಕಟ್ಟಿಕೊಂಡು ನೀರಿನ ಟ್ಯಾಂಕಿನ ಬೀದಿಗೆ ಹೋದರು. ಉಳಿದವಳು ದೇವೀರಮ್ಮ ಒಬ್ಬಳು. ಅವಳು ರವಿಕೆ ಹೊಲಿಯುವವಳು. ಆರು ವರ್ಷದ ಹಿಂದೆ ಅವಳ ಮಗಳು ಶಶಿರೇಖ ಜ್ವರ ಬಂದು ಆಸ್ಪತ್ರೆಯಲ್ಲಿದ್ದಳು. ಹತ್ತೊಂಬತ್ತು ವರ್ಷ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. "ಅಮ್ಮಾ, ಹಸಿರು ರವಿಕೆಗೆ ತೋಳು ಉದ್ದ ಇಡ್ಬೇಡ, ಮುದುಕೀರ ಥರ ಕಾಣುತ್ತೆ" ಎಂದು ಫೋನಿನಲ್ಲಿ ಹೇಳುತ್ತಿರುವಾಗ ಹೋದಳು. ಹೇಳುವುದನ್ನು ಮುಗಿಸಿ, "ಹುಕ್ಕು ಹಿಂದೆ ಇರ್ಲಿ" ಎಂದೂ ಸೇರಿಸಿದಳು. ಅಂದಿನಿಂದ ಆ ಹ್ಯಾಂಡ್‌ಸೆಟ್ಟು ಹೊಲಿಗೆ ಮಿಷನ್ನಿನ ಪಕ್ಕದ ಮೊಳೆಗೆ ನೇತುಬಿದ್ದಿತ್ತು. ದೇವೀರಮ್ಮ ಆ ಬೀದಿ ದಾಟಿರಲಿಲ್ಲ. ತರಕಾರಿ, ದಾರ, ಅಕ್ಕಿ ಎಲ್ಲವನ್ನೂ ಯಾರಾದರೂ ತಂದುಕೊಡುತ್ತಿದ್ದರು. ಅವಳ ತಂಗಿಯ ಮದುವೆಗೂ ಹೋಗಲಿಲ್ಲ. ಮಗಳೇ ಬೈದಳಂತೆ: "ಹೋಗಿ ಬಾರಮ್ಮ, ನಾನೇನು ಓಡಿಹೋಗ್ತೀನಾ?"

"ಆ ಡಬ್ಬಿ ತೆಗೀಬೇಡ ಕಣಪ್ಪ ಚೌಡಪ್ಪ. ಗೋಡೆ ಬೇಕಾದ್ರೆ ಒಡ್ಕೊಳ್ಳಲಿ, ಡಬ್ಬೀನ ಒಂದು ಕಂಬಕ್ಕೆ ಕಟ್ಟಿಬಿಡು. ನಾನು ಕೆಳಗೆ ಚಾಪೆ ಹಾಸ್ಕೊಂಡು ಕೂತ್ಕೋತೀನಿ."

"ರಸ್ತೆ ಮಧ್ಯ ಕೂತ್ಕೋತೀಯಾ?"

"ಕೂತ್ಕೋತೀನಿ. ಲಾರಿ ಸುತ್ತಾಕ್ಕೊಂಡು ಹೋಗಲಿ."

ಮೇಸ್ತ್ರಿ ನಕ್ಕ. ಆದರೆ ಅವನ ಹೆಂಡತಿಯ ಅಣ್ಣನ ಮಾತು ಹಾಗೆಯೇ ಒಂದು ದಾರಿಯಲ್ಲಿ ಕಡಿದುಹೋಗಿತ್ತು. ಅದು ನಮಗೆಲ್ಲ ಗೊತ್ತಿತ್ತು. ಅವನು ಕುಕ್ಕರಗಾಲಿನಲ್ಲಿ ಕೂತು ಅವಳಿಗೆ ಹೇಳಿದ: "ನೋಡಕ್ಕ, ಹೊಸ ಮನೆಗೆ ಇಲ್ಲಿಂದ ಐದು ಡಬ್ಬಿ. ಪಕ್ಕದ ಡಬ್ಬಿಗೆಲ್ಲ ನಿನ್ನ ಫೋನಿನ ಗುರುತು ಮೊದ್ಲೇ ಹೇಳಿಟ್ಟಿರ್ತೀನಿ. ಹೊಸ ಡಬ್ಬಿ ನೀನ್ಯಾರು ಅಂತ ಕೇಳ್ತಾ ಕೂರಲ್ಲ, ನೇರ ಒಳಗೆ ಬಿಟ್ಕೊಳ್ಳುತ್ತೆ. ಇವಳು ಮೊದ್ಲು ನಡೆದು ನೋಡ್ತಾಳೆ. ಎಲ್ಲಿ ಸಣ್ಣ ಹರಕು ಇದ್ರೂ ಹೊಲಿದುಬಿಡ್ತೀನಿ. ಆಮೇಲೆ ನೀನು ಬಾ."

ದೇವೀರಮ್ಮ ನನ್ನ ಕಡೆ ನೋಡಿದಳು. "ಸರಿಯಾಗಿ ನೋಡ್ತೀಯೇನವ್ವ?"

ನಾನು ತಲೆ ಆಡಿಸಿದೆ.

ಮೊಳೆಯ ಮೇಲಿಂದ ಶಶಿಯ ದನಿ ಬಂತು. "ಯಾರಮ್ಮ ಅದು?"

"ಸಿಂಗಾರಿ ಕಣೆ. ನಿಮ್ಮ ಸ್ಕೂಲಲ್ಲಿದ್ಲಲ್ಲ."

"ಮೂಗಿ ಸಿಂಗಾರೀನಾ? ಈಗ ಮಾತಾಡ್ತಾಳಾ?"

"ಎಲ್ಲಿ! ತಲೆ ಆಡಿಸ್ತಾಳೆ ಅಷ್ಟೇ."

"ತಲೆ ಆಡಿಸಿದ್ರೆ ನಂಗೆ ಹೆಂಗೆ ಕೇಳುತ್ತೆ, ಕೇಳು ಅವಳ್ನ" ಎಂದು ಶಶಿ ಜೋರಾಗಿ ನಕ್ಕಳು. ನನಗೂ ನಗು ಬಂತು. ಅದೂ ಅವಳಿಗೆ ಕೇಳಿಸಲಿಲ್ಲ.

ಮೊದಲ ಸಲ ನಾನು ಆ ದಾರಿಯನ್ನು ಸರಿಯಾಗಿಯೇ ನಡೆದೆ. ಹಗ್ಗದವರ ಬೀದಿಯಿಂದ ಬೆಲ್ಲದ ಮಂಡಿ, ಮಂಡಿಯಿಂದ ಹೂವಿನ ಸಾಲು, ಅಲ್ಲಿಂದ ನೀರಿನ ಟ್ಯಾಂಕಿನ ಬೀದಿ. ಒಂದರಿಂದ ಆರುನೂರ ನಲವತ್ತರವರೆಗೆ ಎಣಿಸಿದೆ. ಹೂವಿನ ಸಾಲಿಗೆ ಹೋಗುವ ಮೊದಲು ಮಂಡಿಯ ದೊಡ್ಡ ಗೋಡೆ ಅಡ್ಡ ಬರುತ್ತದೆ. ಅಲ್ಲಿ ಇನ್ನೂರ ಹನ್ನೆರಡರಿಂದ ಇನ್ನೂರ ಮೂವತ್ತರವರೆಗೆ ಮೇಸ್ತ್ರಿಗೆ ಏನೂ ಕೇಳಿಸಲಿಲ್ಲ. ಹೂವಿನವರು ಮಾತ್ರ ನನ್ನನ್ನು ಚೆನ್ನಾಗಿ ಕೇಳಿಸಿಕೊಂಡರು. ಮಾರು ಹಾಕುತ್ತಿದ್ದ ಒಬ್ಬಳು, "ಇನ್ನೂರ ಹದಿನೈದು!" ಎಂದು ನನ್ನ ಹಾಗೆಯೇ ಮೂಗಿನಲ್ಲಿ ಹೇಳಿದಳು. ಪಕ್ಕದವಳು, "ಇನ್ನೂರ ಹದಿನಾರು!" ಎಂದಳು. ಇಡೀ ಸಾಲು ಶುರು ಮಾಡಿತು. ಬಾಳೆಹಣ್ಣಿನ ಗಾಡಿಯವನು, "ನಿನ್ನ ಗಂಡಂಗೆ ಎಷ್ಟನೇ ನಂಬರ್ ಇಟ್ಟಿದ್ದೀಯವ್ವಾ?" ಎಂದ. ಕಿವಿಯೆಲ್ಲ ಬಿಸಿಯಾಗಿ, ನೆಲ ನೋಡಿಕೊಂಡು ಟ್ಯಾಂಕಿನವರೆಗೆ ಓಡಿದ ಹಾಗೆ ನಡೆದೆ. ಅವರು ಕೆಟ್ಟವರಲ್ಲ. ಸಂಜೆ ಉಳಿದ ಹೂವನ್ನು ನನ್ನ ಅಮ್ಮನಿಗೆ ಕೊಟ್ಟುಕಳಿಸುವವರೂ ಅವರೇ.

ಮೇಸ್ತ್ರಿ ಏಣಿ ಹಾಕಿ ಬೆಲ್ಲದ ಮಂಡಿಯ ಡಬ್ಬಿಯ ದನಿಯನ್ನು ಪೂರ್ತಿ ಜೋರು ಮಾಡಿದ. ಮಾಡಿದ ಮೇಲೆ ಇನ್ನೊಮ್ಮೆ ನಡೆದು ನೋಡಬೇಕು. ಅಂದು ಶುಕ್ರವಾರ. ಹೂವಿನ ಸಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಡಿಯ ಮೂಲೆಯಿಂದ ನೋಡಿದೆ. ಆ ಮಾರು ಹಾಕುವವಳು ನನ್ನನ್ನು ಕಂಡು ಆಗಲೇ ಪಕ್ಕದವಳಿಗೆ ಮೊಣಕೈಯಲ್ಲಿ ತಿವಿಯುತ್ತಿದ್ದಳು.

ನಾನು ಹ್ಯಾಂಡ್‌ಸೆಟ್ಟನ್ನು ಬಾಯಿಗೆ ಹತ್ತಿರ ಹಿಡಿದು, "ಮೇಸ್ತ್ರಣ್ಣ, ಇವತ್ತು ನೀವು ಎಣಿಸ್ರೀ. ನಾನು ಕೇಳಿಸ್ಕೋತೀನಿ" ಎಂದೆ.

"ಯಾಕೆ, ಗಂಟಲು ಕಟ್ಟಿದ್ಯಾ?"

"ಹ್ಞೂಂ."

"ಸರಿ ಬಿಡು. ಯಾರು ಎಣಿಸಿದ್ರೇನು, ದಾರಿ ಒಂದೇ ತಾನೇ" ಎಂದು ಅವನು ಎಣಿಸತೊಡಗಿದ. ನಾನು ಬಾಯಿ ಮುಚ್ಚಿಕೊಂಡು, ಫೋನ್ ಕೇಳುತ್ತಿರುವ ಯಾವಳೋ ಹೆಂಗಸಿನ ಹಾಗೆ ಹೂವಿನ ಸಾಲನ್ನು ದಾಟಿದೆ. ಮೇಸ್ತ್ರಿಯ ದನಿ ಗಂಟೆ ಹೊಡೆದ ಹಾಗಿತ್ತು. ಒಂದು ಸಂಖ್ಯೆಯೂ ಬೀಳಲಿಲ್ಲ. ಟ್ಯಾಂಕಿನ ಕೆಳಗೆ ನಿಂತು, "ಎಲ್ಲಾ ಕೇಳಿಸ್ತು" ಎಂದೆ. ಅವನು ನಕಾಶೆಯಲ್ಲಿ ಗೀಟು ಎಳೆದ. ನಾನು ಮನೆಗೆ ಹೋಗಿ ಊಟ ಮಾಡಿದೆ.

ದೇವೀರಮ್ಮ ಹೊರಟದ್ದು ಸೋಮವಾರ ಬೆಳಿಗ್ಗೆ, ಬೀದಿಯಲ್ಲಿ ಜನ ಸೇರುವ ಮೊದಲೇ. ಜನ ಹೆಚ್ಚಾದರೆ ಮೈಗಳೇ ಡಬ್ಬಿಗೆ ಅಡ್ಡ ಬರುತ್ತವೆ ಎಂದು ಮೇಸ್ತ್ರಿ ಹೇಳಿದ್ದ. ಅವಳು ಒಗೆದ ಸೀರೆ ಉಟ್ಟಿದ್ದಳು. ಹ್ಯಾಂಡ್‌ಸೆಟ್ಟನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಿದ್ದಳು. ಬ್ಯಾಟರಿಯ ವೈರು ಬಿಚ್ಚಿಹೋಗದ ಹಾಗೆ ನಾನು ಪಕ್ಕದಲ್ಲಿ ಪವರ್ ಬ್ಯಾಂಕ್ ಹಿಡಿದು ನಡೆದೆ. ಮೇಸ್ತ್ರಿ ಹೊಸ ಮನೆಯ ಹತ್ತಿರ ಕಾಯುತ್ತಿದ್ದ. ಆರು ವರ್ಷದಲ್ಲಿ ಬೀದಿಯ ಕೊನೆಯ ಕಲ್ಲನ್ನು ಅವಳು ದಾಟಿದ್ದು ಅದೇ ಮೊದಲು.

ಮೊದಲ ಡಬ್ಬಿಯನ್ನು ಬಿಟ್ಟು ಎರಡನೆಯದನ್ನು ಹಿಡಿದಾಗ ಏನೂ ಗೊತ್ತಾಗಲಿಲ್ಲ. ಶಶಿ ಮಾತಾಡುತ್ತಲೇ ಇದ್ದಳು. ಬೀದಿಯಲ್ಲಿ ಯಾರೂ ಇಲ್ಲದ್ದರಿಂದ ಅವಳ ದನಿ ನನಗೂ ಕೇಳುತ್ತಿತ್ತು.

"ಈಗ ಎಲ್ಲಿದ್ದೀಯಮ್ಮ?"

"ಮಂಡಿ ಹತ್ರ ಬಂದ್ವಿ. ಬೆಲ್ಲದ ವಾಸ್ನೆ ಬರ್ತಿದೆ."

"ಹೊಸ ಮನೇಲಿ ಕಿಟಕಿ ಇದ್ಯಾ? ಮಿಷನ್ ಎಲ್ಲಿಡ್ತೀಯಾ?"

"ಕಿಟಕಿ ಇಲ್ಲ. ಬಾಗಿಲ ಹತ್ರ ಇಡ್ತೀನಿ."

"ಕಿಟಕಿ ಇಲ್ದಿರೋ ಮನೆ ಯಾಕೆ ಒಪ್ಕೊಂಡೆ? ಕಣ್ಣು ಹಾಳಾಗಲ್ವಾ?"

"ಡಬ್ಬಿ ಹತ್ರ ಇದೆ ಅಂತ ಕಣೆ."

ಶಶಿ, "ಎಷ್ಟು ದಿನ ಅಂತ ಹಿಂಗೆ ಹೊತ್ಕೊಂಡು ತಿರುಗ್ತೀಯಮ್ಮ ನನ್ನ? ಇಲ್ಲೇ ಎಲ್ಲಾದ್ರೂ ಇಳಿಸಿ ಹೋಗು" ಎಂದಳು.

ದೇವೀರಮ್ಮ ನಿಂತುಬಿಟ್ಟಳು. ಅವಳ ಮುಖ ಕೆಂಪಾಯಿತು. "ಬಾಯ್ಮುಚ್ಚೇ! ಇನ್ನೊಂದ್ಸಲ ಆ ಮಾತು ಆಡಿದ್ರೆ ನೋಡು! ನಿಂಗೇನು ಗೊತ್ತು, ನಿಂಗೇನು ಗೊತ್ತೇ ನನ್ನ ಸಂಕ್ಟ?" ಎಂದು ಬೀದಿಯ ತುಂಬ ಕೇಳುವ ಹಾಗೆ ಕೂಗಿದಳು. ಕೂಗಿ, ಬಿರಬಿರನೆ ನಡೆದಳು. ವೈರು ಎಳೆಯದಂತೆ ನಾನೂ ಓಡಿದೆ. ನಾವು ಮಂಡಿಯ ಗೋಡೆ ದಾಟಿ ಹೂವಿನ ಸಾಲಿಗೆ ಬಂದೆವು. ಬುಟ್ಟಿಗಳನ್ನು ಇನ್ನೂ ಇಳಿಸುತ್ತಿದ್ದರು.

"ಅಮ್ಮಾ" ಎಂದಳು ಶಶಿ. ದನಿ ಸ್ಪಷ್ಟವಾಗಿತ್ತು, ಗಂಟೆಯ ಹಾಗೆ. "ಕೋಪ ಮಾಡ್ಕೊಂಡ್ಯಾ?"

"ಇಲ್ಲ ಕಣವ್ವ" ಎಂದಳು ದೇವೀರಮ್ಮ.

"ಅಮ್ಮಾ?"

"ಇಲ್ಲ ಅಂದ್ನಲ್ಲೇ. ಕೋಪ ಯಾಕೆ ನಿನ್ಮೇಲೆ?"

"ತಮಾಷೆಗೆ ಅಂದಿದ್ದಮ್ಮ."

"ಗೊತ್ತು ಬಿಡು ಚಿನ್ನ."

ಮುಂದಿನ ಡಬ್ಬಿ ನಮ್ಮ ತಲೆಯ ಮೇಲೆಯೇ ಇತ್ತು. ಅದರ ಹಸಿರು ದೀಪ ಅಲುಗದೆ ಉರಿಯುತ್ತಿತ್ತು. ಯಾವುದಾದರೂ ಹ್ಯಾಂಡ್‌ಸೆಟ್ಟು ಹೊಸದಾಗಿ ಹಿಡಿದುಕೊಂಡರೆ ಆ ದೀಪ ಎರಡು ಸಲ ಮಿಟುಕುತ್ತದೆ. ಮಿಟುಕಲಿಲ್ಲ. ನಾನು ಅದನ್ನು ನೋಡಿದೆ. ಏನೋ ತಪ್ಪಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ನಿಲ್ಲು ಎನ್ನಬೇಕಿತ್ತು, ಹತ್ತು ಹೆಜ್ಜೆ ಹಿಂದಕ್ಕೆ ಬಾ ಎನ್ನಬೇಕಿತ್ತು. ಬಾಯಿ ತೆರೆದೆ. ಹೂವಿನವರು ನಮ್ಮನ್ನೇ ನೋಡುತ್ತಿದ್ದರು.

ಶಶಿ ತುಂಬಾ ಹೊತ್ತು ಕಾದ ಹಾಗಿತ್ತು. ಇಲ್ಲಿ ದೇವೀರಮ್ಮ, "ಮಧ್ಯಾಹ್ನ ನಿಂಗಿಷ್ಟ ಅಂತ ಹುರುಳಿ ಬಸ್ಸಾರು ಮಾಡ್ತೀನಿ" ಎನ್ನುತ್ತಿದ್ದಳು.

"ಸರಿಯಮ್ಮ" ಎಂದಳು ಶಶಿ, ಚಿಕ್ಕ ದನಿಯಲ್ಲಿ. "ನೀನು ಹೋಗು. ಇಡ್ತೀನಿ."

ತೀರಿಕೊಂಡವರು ತಾವಾಗಿ ಫೋನ್ ಇಟ್ಟದ್ದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ. ಟುಂಯ್ ಎಂದು ಒಂದು ಸದ್ದು ಬಂತು. ದೇವೀರಮ್ಮ ಇನ್ನೂ ನಾಲ್ಕು ಹೆಜ್ಜೆ ನಡೆದು, "ಶಶೀ" ಎಂದಳು. ಆಮೇಲೆ ಹ್ಯಾಂಡ್‌ಸೆಟ್ಟನ್ನು ಕಣ್ಣ ಮುಂದೆ ಹಿಡಿದು ನೋಡಿದಳು. ಹೂವಿನವರಲ್ಲಿ ಒಬ್ಬಳು ಬುಟ್ಟಿಯನ್ನು ಹಾಗೆಯೇ ಕೆಳಗೆ ಬಿಟ್ಟು ಓಡಿಬಂದು ಅವಳನ್ನು ಹಿಡಿದುಕೊಂಡಳು. ನನ್ನನ್ನು ಅಣಕಿಸಿದವಳೇ ಅವಳು.

ಸಂಜೆ ಮೇಸ್ತ್ರಿ ಆ ಜಾಗದಲ್ಲಿ ನನ್ನನ್ನು ನಿಲ್ಲಿಸಿ ಎಣಿಸು ಎಂದ. ಎಣಿಸಿದೆ. ಅವನಿಗೆ ಒಂದೂ ಕೇಳಿಸಲಿಲ್ಲ. ಅವನು ಎಣಿಸಿದ್ದೆಲ್ಲ ನನಗೆ ಕೇಳಿಸಿತು. ಅವನು ಬಂದು ಮಂಡಿಯ ಜಗಲಿಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. "ಹಳೇ ಡಬ್ಬೀನ ಬಿಡಬೇಕಾದ್ದು ಹ್ಯಾಂಡ್‌ಸೆಟ್ಟು. ಡಬ್ಬಿ ದನಿ ಸಣ್ಣಗಾದ್ರೆ ತಾನೇ ಅದು ಬೇರೆ ಹುಡುಕೋದು? ನಾನು ಮಂಡಿ ಡಬ್ಬೀನ ಕಿರುಚೋ ಹಂಗೆ ಮಾಡ್ಬಿಟ್ಟೆ. ಅದು ಅಷ್ಟು ದೂರದಿಂದ ಕಿರುಚ್ತಾನೇ ಇತ್ತು, ಇದು ಅದನ್ನೇ ಹಿಡ್ಕೊಂಡಿತ್ತು, ತಲೆ ಮೇಲಿನ ಡಬ್ಬೀನ ನೋಡ್ಲೇ ಇಲ್ಲ. ಆದ್ರೆ ಹ್ಯಾಂಡ್‌ಸೆಟ್ಟು ಕಿರುಚೋಕಾಗುತ್ತಾ? ಅದರ ಶಕ್ತಿ ಎಷ್ಟು? ಅದು ಪಿಸುಗುಟ್ಟಿದ್ದು ಮಂಡೀವರೆಗೆ ಮುಟ್ಲೇ ಇಲ್ಲ. ಆ ಕಡೆಯಿಂದ ಈ ಕಡೆಗೆ ದಾರಿ ಇತ್ತು, ಈ ಕಡೆಯಿಂದ ಇರ್ಲಿಲ್ಲ."

ನಾನು ಹ್ಯಾಂಡ್‌ಸೆಟ್ಟನ್ನು ಜಗಲಿಯ ಮೇಲಿಟ್ಟೆ.

"ನೀನು ಅವತ್ತು ಎಣಿಸಿದ್ರೆ ಗೊತ್ತಾಗ್ತಿತ್ತು" ಎಂದ. ಅಂದವನೇ ನನ್ನ ಮುಖ ನೋಡಿ, "ನಾನಾದ್ರೂ ಎಣಿಸು ಅನ್ಬೇಕಿತ್ತು. ಹೋಗ್ಲಿ. ಯಾರಿಗೂ ಹೇಳ್ಬೇಡ. ಹೇಳಿದ್ರೆ ಹುಡುಗಿ ವಾಪಸ್ ಬರ್ತಾಳಾ?" ಎಂದ.

ನಾನು ಹೇಳಲಿಲ್ಲ. ಹೇಳದಿರುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ದಿನಾ ಆ ಕಿಟಕಿಯಿಲ್ಲದ ಮನೆಗೆ ಹೋಗಿ ಬಾಗಿಲ ಹತ್ತಿರ ಕೂರುತ್ತಿದ್ದೆ. ಬಂದಬಂದವರಿಗೆಲ್ಲ ದೇವೀರಮ್ಮ ಒಂದೇ ಮಾತು ಹೇಳುತ್ತಿದ್ದಳು: "ನಾನು ಬೈದೆ ಕಣ್ರವ್ವ. ಬೀದೀಲಿ ಬೈದೆ. ಕೋಪ ಇಲ್ಲ ಅಂತ ಎಷ್ಟು ಸಲ ಹೇಳಿದ್ರೂ ಕೇಳ್ಲಿಲ್ಲ, ಮುನಿಸ್ಕೊಂಡು ಇಟ್ಟುಬಿಟ್ಲು. ಸತ್ತಾಗ್ಲೂ ನನ್ನ ಬಿಟ್ಟುಹೋಗ್ದೆ ಇದ್ದವಳು." ಬಂದವರು, "ಮಕ್ಕಳ ಮುನಿಸು ಹಂಗೇ ಬಿಡಕ್ಕ" ಎನ್ನುತ್ತಿದ್ದರು. ಹೊಲಿಗೆ ಮಿಷನ್ನಿನ ಮೇಲೆ ಒಂದು ಹಸಿರು ಬಟ್ಟೆ ಹಾಗೆಯೇ ಮಡಚಿಟ್ಟಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಮೂರನೇ ದಿನಕ್ಕೆ ಊಟ ಬಿಟ್ಟಳು. ಆರನೇ ದಿನ, "ಅಷ್ಟು ಸಾಕಾಗಿದ್ನಾ ನಾನು ಅವಳಿಗೆ?" ಎಂದು ನನ್ನನ್ನೇ ಕೇಳಿದಳು. ತಲೆ ಅಲ್ಲಾಡಿಸಿದೆ. ಅವಳು ಗೋಡೆ ನೋಡುತ್ತಿದ್ದಳು.

ನಮ್ಮಲ್ಲಿ ಸೂತಕ ಮಾತು ನಿಂತ ದಿನದಿಂದ. ಒಂಬತ್ತನೇ ದಿನ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಸೇರಿ, ಬಾಗಿಲ ಮುಂದೆ ಮಣೆ ಹಾಕಿ, ತಾಯಿಯ ತಲೆಗೆ ನೀರು ಹಾಕುತ್ತಾರೆ. ಹಗ್ಗದವರ ಬೀದಿಯವರೂ ಬಂದಿದ್ದರು, ಹೂವಿನವರೂ ಬಂದಿದ್ದರು. ಮೂವತ್ತು ಜನ ಇದ್ದಿರಬೇಕು. ಹಂಡೆಯ ನೀರು ಹೊಗೆಯಾಡುತ್ತಿತ್ತು. ಒಬ್ಬೊಬ್ಬರೂ ಒಂದೊಂದು ಚೊಂಬು ಹಾಕಿ ಪಕ್ಕಕ್ಕೆ ಸರಿದರು. ನನ್ನ ಸರದಿ ಬಂತು. ಮಣೆಯ ಮೇಲೆ ಅವಳು ಇಷ್ಟೇ ಇಷ್ಟು ಕಂಡಳು. ಕೂದಲು ಮುಖಕ್ಕೆ ಅಂಟಿತ್ತು.

ನಾನು ನೀರು ಹಾಕುತ್ತಾ ಹೇಳಿದೆ: "ದೇವೀರಮ್ಮೋರೇ, ಶಶಿಗೆ ನಿಮ್ಮ ಮಾತು ಕೇಳಿಸ್ತಿರ್ಲಿಲ್ಲ."

ಅವಳು ಕೈ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಕಿವಿಯ ಮೇಲಿನ ಕೂದಲು ಸರಿಸಿ ನೀರು ಒರೆಸಿಕೊಂಡಳು. "ಏನಂದೆ?"

ನನ್ನ ಗಂಟಲು ಕಟ್ಟಿತು. ಕಟ್ಟಿದ್ದರಲ್ಲೇ ಮೊದಲಿನಿಂದ ಹೇಳಿದೆ. ಶುಕ್ರವಾರ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡು ನಡೆದದ್ದು, ಮೇಸ್ತ್ರಿಯ ದನಿ ಕೇಳಿಸಿತೆಂದು ನನ್ನದೂ ಕೇಳಿಸುತ್ತದೆ ಎಂದುಕೊಂಡದ್ದು, ಹೂವಿನ ಸಾಲಿನಲ್ಲಿ ಹಸಿರು ದೀಪ ಮಿಟುಕದ್ದನ್ನು ನೋಡಿಯೂ ಹಿಂದೆ ಬನ್ನಿ ಎನ್ನದೆ ಇದ್ದದ್ದು. ನನ್ನ ಜೀವನದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ. "ಅವಳು ಕೋಪ ಮಾಡ್ಕೊಂಡ್ಯಾ ಅಂತ ಕೇಳಿದ್ಮೇಲೆ ನೀವು ಹೇಳಿದ್ದು ಒಂದೂ ಅವಳಿಗೆ ಮುಟ್ಲಿಲ್ಲ. ಅವಳು ಕಾದ್ಲು. ಮುನಿಸ್ಕೊಂಡು ಇಟ್ಟಿದ್ದಲ್ಲ."

ಹಿಂದಿನಿಂದ ಯಾರೋ, "ಅಯ್ಯೋ ನಿನ್ನ ಬಾಯಿ ಸೇದೋಗ" ಎಂದರು. ಇನ್ಯಾರೋ ಅವರನ್ನು ಸುಮ್ಮನಿರಿಸಿದರು.

ನೀರು ಮಣೆಯ ಸುತ್ತ ಹರಿದು ಚರಂಡಿಗೆ ಹೋಗುತ್ತಿತ್ತು.

"ಮುನಿಸಿರ್ಲಿಲ್ವಾ ಅವಳಿಗೆ?"

"ಇಲ್ಲ."

"ಸಾಕಾಗಿರ್ಲಿಲ್ಲ?"

"ಇಲ್ಲ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಹಂಗಾರೆ ನಾನು ಮುನಿಸ್ಕೊಂಡೆ ಅಂದ್ಕೊಂಡೇ ಹೋದ್ಲಾ?"

ಆ ಪ್ರಶ್ನೆಗೆ ನಾನು ಒಂಬತ್ತು ದಿನ ಕೂತು ಉತ್ತರ ಹುಡುಕಿದ್ದೆ. ಬೇರೆ ಉತ್ತರ ಇರಲಿಲ್ಲ.

"ಹ್ಞೂಂ" ಎಂದೆ.

ಅವಳ ಬಾಯಿಯಿಂದ ಬಂದ ಸದ್ದನ್ನು ನಾನು ಬರೆಯಲಾರೆ. ಆ ಒಂಬತ್ತು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು. ಹೆಂಗಸರು ಮುಂದೆ ಬಂದರು. ಅವಳು ಅವರನ್ನೆಲ್ಲ ಕೈಯಲ್ಲಿ ತಡೆದು, ನನ್ನ ಕೈಯ ಚೊಂಬನ್ನು ತೆಗೆದುಕೊಂಡು, ಹಂಡೆಯಿಂದ ತಾನೇ ಮೊಗೆದು ತಲೆಯ ಮೇಲೆ ಸುರಿದುಕೊಂಡಳು. ಮತ್ತೆ ಮೊಗೆದಳು. ಹಂಡೆಯ ತಳ ಕಾಣುವವರೆಗೂ ಸುರಿದುಕೊಂಡಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಹೋಗು ಎಂದು ಅವಳು ಹೇಳಲಿಲ್ಲ.